ಕೊನೇ ಗಳಿಗೆಯಲ್ಲಿ ಕುದುರೆ ಓಡಲ್ಲ ಅಂದಾಗ: ನಿಯಮ, ನ್ಯಾಯ ಮತ್ತು ನಿಮ್ಮ ದುಡ್ಡು

ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಒಂದು ಮಧ್ಯಾಹ್ನ ನನ್ನ ಸೋದರಮಾವ ಮಂಡಿಯೂರಿ ಕೂತು ಕಡಲೆಕಾಯಿ ಸಿಪ್ಪೆ ಕೆದಕುತ್ತಿದ್ದರು. ಅವರು ದುಡ್ಡು ಕಟ್ಟಿದ್ದ ಕುದುರೆ ಗೇಟಿನ ಹತ್ತಿರ ಹೋಗಿ ಹಟ ಹಿಡಿದಿತ್ತು. ಹಿಂಗಾಲ ಮೇಲೆ ಎದ್ದು ನಿಂತು ಜಾಕಿಯನ್ನು ಕೆಳಗೆ ಕೆಡವಿತ್ತು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಆ ಕುದುರೆ ಓಡುವುದಿಲ್ಲ ಅಂತ ಹೇಳಿದರು. ಮಾವ "ಹೋಯ್ತು ಕಣೋ ನೂರು ರೂಪಾಯಿ" ಅಂತ ಟಿಕೆಟನ್ನು ನಾಲ್ಕು ಚೂರು ಮಾಡಿ ಬಿಸಾಕಿದರು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನಕ್ಕರು. "ಏನ್ರೀ, ಓಡದೇ ಇರೋ ಕುದುರೆ ದುಡ್ಡು ವಾಪಸ್ ಕೊಡ್ತಾರೆ. ಹರಿದು ಹಾಕ್ಬಿಟ್ರಲ್ಲ!" ಅಂದರು. ಮೂರು ಚೂರು ಸಿಕ್ಕವು. ನಾಲ್ಕನೆಯದು ಸಿಗಲೇ ಇಲ್ಲ.

ಅವತ್ತಿನಿಂದ ನನಗೆ ಈ ವಿಷಯದ ಹುಚ್ಚು. ಕುದುರೆಯನ್ನು ಯಾರು ಹಿಂದಕ್ಕೆ ತೆಗೆಯುತ್ತಾರೆ, ಯಾವಾಗ ತೆಗೆಯಬಹುದು, ತೆಗೆದರೆ ದುಡ್ಡು ಏನಾಗುತ್ತದೆ, ಅದರಲ್ಲಿ ಮೋಸ ಇದೆಯಾ ಇಲ್ಲವಾ ಅಂತ ನೋಡುವುದು ಹೇಗೆ ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಹೆಚ್ಚಾಗಿ ಬ್ರಿಟನ್ನಿನ ನಿಯಮಗಳನ್ನೇ ಹಿಡಿದುಕೊಂಡಿದ್ದೇನೆ. ನಮ್ಮ ದೇಶದ ರೇಸ್ ನಿಯಮಗಳ ಬೇರು ಅಲ್ಲೇ ಇದೆ. ಅಲ್ಲಿನ ರೇಸ್‌ಗಳನ್ನು ಫೋನಿನಲ್ಲಿ ನೋಡುವ ಕನ್ನಡಿಗರೂ ಈಗ ಕಮ್ಮಿಯಿಲ್ಲ. ಅಮೆರಿಕ, ಆಸ್ಟ್ರೇಲಿಯಾದ ಒಂದೆರಡು ಪ್ರಸಂಗಗಳೂ ಬರುತ್ತವೆ.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕುದುರೆಯನ್ನು ಓಡಿಸದೇ ಇರುವುದು ತಪ್ಪಲ್ಲ, ಎಷ್ಟೋ ಸಲ ಅದೇ ಸರಿ. ತಪ್ಪು ಇರುವುದು ಗೊತ್ತಾದ ಹೊತ್ತಿಗೂ ಹೇಳಿದ ಹೊತ್ತಿಗೂ ನಡುವೆ. ಆ ನಡುವಿನ ಗಡಿಯಾರವನ್ನು ನೋಡಲು ಕಲಿತರೆ ಅರ್ಧ ಕೆಲಸ ಆದ ಹಾಗೆ.

ಹೆಜ್ಜೆ 1: ಯಾವ ಹಂತದಲ್ಲಿ ತೆಗೆದರು ಅಂತ ನೋಡಿ

ಒಂದು ಕುದುರೆ ರೇಸಿಗೆ ಬರುವ ಮೊದಲು ಕೆಲವು ಬಾಗಿಲು ದಾಟುತ್ತದೆ. ಮೊದಲನೆಯದು ಎಂಟ್ರಿ. ಅದು ಬರೀ ಹೆಸರು ಕೊಡುವುದು. ದೊಡ್ಡ ರೇಸ್‌ಗಳಿಗೆ ತಿಂಗಳುಗಟ್ಟಲೆ ಮುಂಚೆ ಕೊಡುತ್ತಾರೆ. ಈ ಹಂತದಲ್ಲಿ ಹೆಸರು ವಾಪಸ್ ತೆಗೆದರೆ ಯಾರೂ ಹುಬ್ಬೇರಿಸುವುದಿಲ್ಲ.

ಎರಡನೆಯದು ಡಿಕ್ಲರೇಷನ್. ಅಂದರೆ ಈ ರೇಸಿನಲ್ಲಿ ಓಡಿಸುತ್ತೇವೆ ಅಂತ ಖಚಿತವಾಗಿ ತಿಳಿಸುವುದು. ಬ್ರಿಟನ್ನಿನಲ್ಲಿ ಸಮತಟ್ಟು ಓಟಕ್ಕೆ, ಅಂದರೆ ಫ್ಲ್ಯಾಟ್ ರೇಸಿಗೆ, ಸಾಮಾನ್ಯವಾಗಿ 48 ಗಂಟೆ ಮುಂಚಿನ ಲೆಕ್ಕ. ಎರಡು ದಿನ ಮೊದಲು ಬೆಳಗ್ಗೆ 10ಕ್ಕೆ ಬಾಗಿಲು ಮುಚ್ಚುತ್ತದೆ. ಬೇಲಿ ಹಾರುವ ಜಂಪ್ ರೇಸ್‌ಗಳಲ್ಲಿ ಹೆಚ್ಚಿನವಕ್ಕೆ ಹಿಂದಿನ ದಿನ ಬೆಳಗ್ಗೆ 10. ಇದಾದ ಮೇಲೆ ಕುದುರೆ ಓಡುತ್ತದೆ ಅಂತಲೇ ಎಲ್ಲರೂ ನಂಬುತ್ತಾರೆ. ಪತ್ರಿಕೆಯವರು ಪಟ್ಟಿ ಅಚ್ಚು ಹಾಕುತ್ತಾರೆ, ಬುಕ್ಕಿ ರೇಟು ಬರೆಯುತ್ತಾನೆ, ಜಾಕಿ ಬೇರೆ ಕುದುರೆ ಬೇಡ ಅಂತಾನೆ. ಆಮೇಲೆ ಓಡದ ಕುದುರೆಯನ್ನು ಅಲ್ಲಿ ನಾನ್ ರನ್ನರ್ ಅಂತಾರೆ.

ಮೂರನೆಯದು ರೇಸಿನ ದಿನ ಬೆಳಗ್ಗೆ. ನಾಲ್ಕನೆಯದು ಗೇಟಿನ ಹತ್ತಿರ, ಕೊನೇ ಹತ್ತು ನಿಮಿಷ. ಹಂತ ಎಷ್ಟು ತಡವೋ ಅಷ್ಟು ಜಾಸ್ತಿ ಜನರ ದುಡ್ಡು ಅದಕ್ಕೆ ಅಂಟಿಕೊಂಡಿರುತ್ತದೆ, ಅಷ್ಟು ಬಲವಾದ ಕಾರಣವೂ ಬೇಕು.

ಹೆಜ್ಜೆ 2: ಯಾರು ತೆಗೆದರು?

ಇದನ್ನು ತುಂಬಾ ಜನ ಕೇಳುವುದೇ ಇಲ್ಲ. ಕುದುರೆ ಓಡಲಿಲ್ಲ ಅಂದ ಕೂಡಲೇ ಟ್ರೈನರ್‌ಗೆ ಬೈಯುತ್ತಾರೆ. ಆದರೆ ತೆಗೆಯುವ ಅಧಿಕಾರ ಇರುವವರು ನಾಲ್ಕೈದು ಜನ: ಟ್ರೈನರ್, ಮಾಲೀಕ, ರೇಸ್‌ಕೋರ್ಸಿನ ವೆಟ್ ಡಾಕ್ಟರ್, ಗೇಟಿನಲ್ಲಿರುವ ಸ್ಟಾರ್ಟರ್, ಇವರೆಲ್ಲರ ಮೇಲೆ ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳು.

ಟ್ರೈನರ್‌ಗೂ ವೆಟ್‌ಗೂ ಜಗಳ ಬಂದರೆ ವೆಟ್ ಮಾತೇ ನಡೆಯಬೇಕು. 2023ರ ಮೇ 6ರಂದು ಅಮೆರಿಕದ ಕೆಂಟಕಿ ಡರ್ಬಿಯಲ್ಲಿ ಇದೇ ಆಯಿತು. ಫೋರ್ಟೆ ಅನ್ನುವ ಕುದುರೆ ಅವತ್ತಿನ ಫೇವರಿಟ್, ಅಂದರೆ ಗೆಲ್ಲುತ್ತದೆ ಅಂತ ಎಲ್ಲರಿಗಿಂತ ಹೆಚ್ಚು ನಂಬಿದ್ದ ಕುದುರೆ. ಹಿಂದಿನ ವರ್ಷದ ಎರಡು ವರ್ಷದ ಕುದುರೆಗಳಲ್ಲಿ ಚಾಂಪಿಯನ್ ಅದೇ. ರೇಸಿನ ದಿನ ಬೆಳಗ್ಗೆ ಸರ್ಕಾರಿ ವೆಟ್‌ಗಳು ಅದರ ಮುಂದಿನ ಬಲಗಾಲಿನ ಗೊರಸು ನೋಡಿ, ಜಜ್ಜಿದ ನೋವಿದೆ, ಓಡಿಸಬೇಡಿ ಅಂದರು. ಟ್ರೈನರ್ ಟಾಡ್ ಪ್ಲೆಚರ್ ಮತ್ತು ಮಾಲೀಕರಿಗೆ ಓಡಿಸುವ ಆಸೆಯಿತ್ತು. ಅವಕಾಶ ಸಿಗಲಿಲ್ಲ. ಡರ್ಬಿಗೆ 20 ಕುದುರೆಗಳ ಜಾಗ. ಬದಲಿ ಕುದುರೆ ಸೇರಿಸುವ ಗಡುವು ಹಿಂದಿನ ದಿನವೇ ಮುಗಿದಿತ್ತು. 18 ಕುದುರೆ ಓಡಿದವು, ಮೇಜ್ ಗೆದ್ದಿತು.

ಆ ನಿರ್ಧಾರಕ್ಕೆ ಬೈದವರು ಬಹಳ. ನಾನು ಬೈಯಲಾರೆ. ಆ ದಿನಗಳಲ್ಲಿ ಅದೇ ಚರ್ಚಿಲ್ ಡೌನ್ಸ್ ಮೈದಾನದಲ್ಲಿ ಕುದುರೆಗಳು ಒಂದರ ಹಿಂದೆ ಒಂದು ಸತ್ತಿದ್ದವು. ಡರ್ಬಿ ದಿನ ಸೇರಿ ಲೆಕ್ಕ ಏಳಕ್ಕೆ ಬಂತು. ಅಂಥ ವಾರದಲ್ಲಿ ನೋವಿರುವ ಕಾಲನ್ನು ನೋಡಿಯೂ "ಪರವಾಗಿಲ್ಲ, ಓಡಲಿ" ಅನ್ನುವ ವೆಟ್ ನಮಗೆ ಬೇಕಾ?

ಆಸ್ಟ್ರೇಲಿಯಾದ ಪ್ರಸಂಗ ಇನ್ನೂ ಕಷ್ಟದ್ದು. 2020ರ ಮೆಲ್ಬರ್ನ್ ಕಪ್‌ನಲ್ಲಿ ಆಂಥೊನಿ ವ್ಯಾನ್ ಡೈಕ್ ಕಾಲು ಮುರಿದುಕೊಂಡು ಸತ್ತ ಮೇಲೆ, ಹೊರದೇಶದಿಂದ ಬರುವ ಕುದುರೆಗಳ ಕಾಲಿಗೆ ಸಿ.ಟಿ. ಸ್ಕ್ಯಾನ್ ಕಡ್ಡಾಯ ಮಾಡಿದರು. 2024ರಲ್ಲಿ ಐರ್ಲೆಂಡಿನಿಂದ ಬಂದ ಯಾನ್ ಬ್ರೂಗಲ್ ಅನ್ನುವ ಕುದುರೆಯನ್ನು ಆ ಸ್ಕ್ಯಾನ್ ನೋಡಿ ರೇಸಿಗೆ ಕೆಲವು ದಿನ ಇರುವಾಗ ಹೊರಗಿಟ್ಟರು. ಟ್ರೈನರ್ ಏಡನ್ ಒಬ್ರಿಯನ್ ಒಪ್ಪಲಿಲ್ಲ, ಕುದುರೆ ಚೆನ್ನಾಗಿದೆ ಅಂದರು. ಮುಂದಿನ ಜೂನ್‌ನಲ್ಲಿ ಅದೇ ಕುದುರೆ ಇಂಗ್ಲೆಂಡಿನ ಎಪ್ಸಮ್‌ನಲ್ಲಿ ಕೊರೊನೇಷನ್ ಕಪ್ ಗೆದ್ದಿತು. ಹಾಗಂತ ವೆಟ್‌ಗಳು ತಪ್ಪು ಮಾಡಿದರು ಅನ್ನಬಹುದಾ? ಓಡದೇ ಇದ್ದ ಓಟದಲ್ಲಿ ಏನಾಗುತ್ತಿತ್ತು ಅಂತ ಯಾರಿಗೂ ತೋರಿಸಲು ಆಗುವುದಿಲ್ಲ. ವೆಟ್ ಕೆಲಸದ ಕಷ್ಟವೇ ಅದು. ಅವರು ಸರಿಯಾಗಿ ತೆಗೆದ ಕುದುರೆಗೆ ಸಾಕ್ಷಿಯೇ ಇರುವುದಿಲ್ಲ.

ಹೆಜ್ಜೆ 3: ಕಾರಣವನ್ನು ಓದುವುದು ಕಲಿಯಿರಿ

ನಾನ್ ರನ್ನರ್ ಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದೆರಡು ಪದದ ಕಾರಣ ಇರುತ್ತದೆ. ಅದರಲ್ಲಿ ಕೆಲವನ್ನು ನೋಡಿದ ಕೂಡಲೇ ನಂಬಬಹುದು.

ಜ್ವರ ಅಂದರೆ ಜ್ವರ. ಲಾಯದ ಹುಡುಗ ಬೆಳಗ್ಗೆ ಥರ್ಮಾಮೀಟರ್ ಹಾಕಿ ನೋಡಿರುತ್ತಾನೆ. ಇನ್ನೊಂದು, ರಾತ್ರಿ ಲಾಯದಲ್ಲಿ ಮಲಗಿ ಹೊರಳಿದ ಕುದುರೆ ಗೋಡೆಗೆ ಒತ್ತಿಕೊಂಡು ಏಳಲಾಗದೇ ಒದ್ದಾಡುವುದು. ಬೆಳಗ್ಗೆ ನೋಡಿದರೆ ಕಾಲೆಲ್ಲ ತರಚಿರುತ್ತದೆ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದಾಗ ಶ್ವಾಸನಾಳದಲ್ಲಿ ಕಫ ಕಾಣುವುದೂ ಉಂಟು. ಲಾಳ ಕಿತ್ತುಬಂದರೆ ಮಾತ್ರ ಅಲ್ಲೇ ಗೇಟಿನ ಹತ್ತಿರ ಲಾಳ ಕಟ್ಟುವವನು ಇರುತ್ತಾನೆ, ಸರಿ ಮಾಡಿ ಕಳಿಸುತ್ತಾನೆ. ಗೊರಸೇ ಸೀಳಿದ್ದರೆ ವಾಪಸ್.

ಇವಕ್ಕೆಲ್ಲ ವೆಟ್ ಸರ್ಟಿಫಿಕೇಟ್ ಕೊಡಬಹುದು. ಬ್ರಿಟನ್ನಿನಲ್ಲಿ ಟ್ರೈನರ್ ತಾನೇ ಬರೆದುಕೊಡುವ ಸರ್ಟಿಫಿಕೇಟೂ ನಡೆಯುತ್ತದೆ. ಶಾಲೆಗೆ ಅಪ್ಪನ ಸಹಿ ಹಾಕಿದ ರಜಾ ಚೀಟಿ ಇದ್ದ ಹಾಗೆ. ಎಲ್ಲರೂ ಪ್ರಾಮಾಣಿಕವಾಗಿ ಬಳಸಿದರೆ ಅನುಕೂಲ. ಕೆಲವರು ಚೀಟಿ ಕೊಡುವುದನ್ನೇ ರೂಢಿ ಮಾಡಿಕೊಂಡಾಗ ಅಲ್ಲಿನ ರೇಸಿಂಗ್ ಆಡಳಿತ ಯಾವ ಟ್ರೈನರ್ ಎಷ್ಟು ಸಲ ಹಿಂದೆ ತೆಗೆದ ಅನ್ನುವ ಲೆಕ್ಕವನ್ನು ಹೊರಗೆ ಪ್ರಕಟಿಸಲು ಶುರು ಮಾಡಿತು. ಸರಾಸರಿಗಿಂತ ತೀರಾ ಜಾಸ್ತಿ ಇದ್ದವರಿಂದ ಸ್ವಂತ ಚೀಟಿಯ ಸೌಲಭ್ಯ ಕಿತ್ತುಕೊಳ್ಳುವ ನಿಯಮವನ್ನೂ ತಂದಿತು. ನಿಮಗೂ ಇದು ಉಪಯೋಗ. ಒಂದು ಕುದುರೆಗೆ ದುಡ್ಡು ಹಾಕುವ ಮೊದಲು ಅದರ ಟ್ರೈನರ್‌ಗೆ ಹಿಂದೆ ತೆಗೆಯುವ ಚಾಳಿ ಇದೆಯಾ ಅಂತ ನೋಡಿಕೊಳ್ಳಿ.

ಈಗ ನಿಜವಾದ ತಲೆನೋವಿಗೆ ಬರೋಣ. ನೆಲ.

ಹುಲ್ಲಿನ ಮೈದಾನದ ನೆಲ ಎಷ್ಟು ಗಟ್ಟಿ, ಎಷ್ಟು ಮೆತ್ತಗೆ ಅನ್ನುವುದನ್ನು ಗೋಯಿಂಗ್ ಅಂತಾರೆ. ಗಟ್ಟಿಯಿಂದ ಕೆಸರಿನವರೆಗೆ ಹೆಸರಿಟ್ಟಿದ್ದಾರೆ: ಫರ್ಮ್, ಗುಡ್, ಸಾಫ್ಟ್, ಹೆವಿ, ನಡುವೆ ಅರೆಬರೆ ಮೆಟ್ಟಿಲುಗಳು. ಗದ್ದೆ ಬದುವಿನ ಮೇಲೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಣಗಿದ ಬದುವಿನ ಮೇಲೆ ಓಡಿದರೆ ಮೊಣಕಾಲಿಗೆ ಏಟು, ನಾಟಿ ಮಾಡಿದ ಗದ್ದೆಗಿಳಿದರೆ ಕಾಲು ಕಿತ್ತು ಇಡುವಷ್ಟರಲ್ಲಿ ಉಸಿರು ಹೋಗುತ್ತದೆ. ಕುದುರೆಗೂ ಅಷ್ಟೇ. ಒಂದೊಂದಕ್ಕೆ ಒಂದೊಂದು ನೆಲ ಒಗ್ಗುತ್ತದೆ.

2015ರ ಜುಲೈ 25ರಂದು ಇಂಗ್ಲೆಂಡಿನ ಆ್ಯಸ್ಕಟ್ ಮೈದಾನದಲ್ಲಿ ಕಿಂಗ್ ಜಾರ್ಜ್ ರೇಸ್. ಆ ವರ್ಷದ ಇಂಗ್ಲೆಂಡಿನ ಡರ್ಬಿ ಗೆದ್ದ ಗೋಲ್ಡನ್ ಹಾರ್ನ್ ಫೇವರಿಟ್. ಹಿಂದಿನ ದಿನ ಜೋರು ಮಳೆ. ಬೆಳಗ್ಗೆ ಟ್ರೈನರ್ ಜಾನ್ ಗಾಸ್ಡನ್ ಕುದುರೆಯನ್ನು ಹಿಂದಕ್ಕೆ ತೆಗೆದರು. ಪೋಸ್ಟ್‌ಪೋನ್ಡ್ ಅನ್ನುವ ಕುದುರೆ ಮೂಗಿನ ಅಂತರದಲ್ಲಿ ಗೆದ್ದಿತು. ಟಿಕೆಟ್ ತೆಗೆದು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದವರಿಗೆ ಬೇಸರ ಆಗಿದ್ದು ಸಹಜ. ಆದರೆ ಅದೇ ಕುದುರೆ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿಗೆ ಹೋಗಿ ಆರ್ಕ್ ಅನ್ನುವ ದೊಡ್ಡ ರೇಸ್ ಗೆದ್ದಿತು.

ನಿಕಿ ಹೆಂಡರ್ಸನ್ ಅನ್ನುವ ಟ್ರೈನರ್ ಕಥೆ ಇನ್ನೂ ಸ್ವಾರಸ್ಯ. ಅವರ ಆಲ್ಟಿಯರ್ ಬೇಲಿ ಹಾರುವ ಓಟಗಳಲ್ಲಿ ಸತತ 19 ಗೆದ್ದಿತ್ತು. 2019ರ ನವೆಂಬರ್‌ನಲ್ಲಿ ಆ್ಯಸ್ಕಟ್‌ನ ಮೆತ್ತನೆ ನೆಲದಲ್ಲಿ ಸಿರ್ನೇಮ್ ಜೊತೆ ಓಡಿ ಸೋತಿತು. ಮುಂದಿನ ವರ್ಷ ಡಿಸೆಂಬರ್ 5ರಂದು ಸ್ಯಾಂಡೌನ್ ಮೈದಾನದಲ್ಲಿ ಟಿಂಗಲ್ ಕ್ರೀಕ್ ಅನ್ನುವ ರೇಸ್ ಇತ್ತು. ನೆಲ ಮತ್ತೆ ಹಸಿ. ಹೆಂಡರ್ಸನ್ ಅದನ್ನು ಹಿಂದಕ್ಕೆ ತೆಗೆದರು, ಜನ ಬಾಯಿಗೆ ಬಂದಂತೆ ಬೈದರು. ಎರಡು ವರ್ಷ ಬಿಟ್ಟು 2022ರ ನವೆಂಬರ್‌ನಲ್ಲಿ ಆ್ಯಸ್ಕಟ್‌ನಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ಓಡಬೇಕಿತ್ತು. ಈ ಸಲ ನೆಲ ತೀರಾ ಗಟ್ಟಿ ಅಂತ ಅದನ್ನೂ ತೆಗೆದರು! ಒಂದು ವಾರ ಬಿಟ್ಟು ಅದು ನ್ಯೂಕ್ಯಾಸಲ್‌ನಲ್ಲಿ ಗೆದ್ದಿತು. ಸುಟ್ಟ ಕೈ ಬೆಂಕಿಗೆ ಹೆದರುತ್ತದೆ ಅಂತ ಒಬ್ಬರು ಅಂದರೆ, ಇನ್ನೊಬ್ಬರು ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರೆ. ಇಲ್ಲಿ ಗಾದೆ ಅಕ್ಷರಶಃ ಹೊಂದುತ್ತದೆ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಎರಡು ಪ್ರಶ್ನೆ ಹಾಕಿ. ಡಿಕ್ಲೇರ್ ಮಾಡಿದ ಮೇಲೆ ನೆಲ ನಿಜವಾಗಿ ಬದಲಾಯಿತಾ? ಮಳೆ ಅನಿರೀಕ್ಷಿತವಾಗಿ ಸುರಿದರೆ ಟ್ರೈನರ್ ಏನು ಮಾಡಿಯಾರು. ನೆಲ ಇದ್ದ ಹಾಗೇ ಇದ್ದು, ಹವಾಮಾನ ವರದಿಯೂ ಮೊದಲೇ ಹಾಗೆ ಹೇಳಿದ್ದರೆ, ಅದು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಆಮೇಲೆ ಹತ್ತದೇ ಹೋದ ಹಾಗೆ. ಎರಡನೆಯ ಪ್ರಶ್ನೆ, ಆ ಸೀಟಿಗೆ ಬೇರೆ ಯಾರಾದರೂ ಕಾಯುತ್ತಿದ್ದರಾ? ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸಿ ಓಡಿಸುವ ದೊಡ್ಡ ಹ್ಯಾಂಡಿಕ್ಯಾಪ್ ರೇಸ್‌ಗಳಲ್ಲಿ ಜಾಗ ಸಾಲದೆ ಪಟ್ಟಿಯ ಕೆಳಗಿನ ಕುದುರೆಗಳು ಹೊರಗೆ ಬೀಳುತ್ತವೆ. ಟವೆಲ್ ಹಾಕಿದವನು ಹತ್ತಲಿಲ್ಲ, ನಿಂತವನಿಗೆ ಸೀಟೂ ಸಿಗಲಿಲ್ಲ. ಆ ಸಣ್ಣ ಮಾಲೀಕನ ಹೊಟ್ಟೆಯುರಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಹೆಜ್ಜೆ 4: ದುಡ್ಡಿನ ಲೆಕ್ಕ ಹಾಕಿ

ಟೋಟ್‌ನಲ್ಲಿ, ಅಂದರೆ ಎಲ್ಲರ ದುಡ್ಡನ್ನೂ ಒಂದೇ ಕಡೆ ಸೇರಿಸಿ ಗೆದ್ದವರಿಗೆ ಹಂಚುವ ಪದ್ಧತಿಯಲ್ಲಿ, ಕಟ್ಟಿದ್ದರೆ ಲೆಕ್ಕ ಸುಲಭ. ಓಡದ ಕುದುರೆಗೆ ಬಿದ್ದ ದುಡ್ಡನ್ನು ಒಟ್ಟು ಮೊತ್ತದಿಂದ ತೆಗೆದು ವಾಪಸ್ ಕೊಡುತ್ತಾರೆ. ಉಳಿದದ್ದರಲ್ಲಿ ಗೆದ್ದವರಿಗೆ ಹಂಚಿಕೆ. ಟಿಕೆಟ್ ಮಾತ್ರ ಹರಿಯಬೇಡಿ.

ಬುಕ್ಕಿ ಹತ್ತಿರ, ಕಟ್ಟುವಾಗಲೇ ಗೊತ್ತು ಮಾಡಿದ ರೇಟಿಗೆ ಕಟ್ಟಿದ್ದರೆ ತೊಡಕು. ನೀವು ಕಟ್ಟಿದ ಕುದುರೆ ಓಡದೇ ಇದ್ದರೆ ನಿಮ್ಮ ದುಡ್ಡು ನಿಮಗೆ. ಆದರೆ ನೀವು ಕಟ್ಟಿದ್ದು ಬೇರೆ ಕುದುರೆಗೆ, ಹೊರಗೆ ಹೋಗಿದ್ದು ಫೇವರಿಟ್ ಅಂದುಕೊಳ್ಳಿ. ನಿಮ್ಮ ಕುದುರೆಗೆ ಗೆಲ್ಲುವುದು ಈಗ ಸಲೀಸು. ರೇಟು ಮಾತ್ರ ಹಳೆಯದು, ಫೇವರಿಟ್ ಇದ್ದಾಗಿನದು. ಇದು ಬುಕ್ಕಿಗೆ ಅನ್ಯಾಯ ತಾನೇ? ಅದಕ್ಕೆ ಬ್ರಿಟನ್ನಿನಲ್ಲಿ ರೂಲ್ ಫೋರ್ ಅಂತ ಕಡಿತದ ಪಟ್ಟಿ ಇದೆ. ಹೊರಗೆ ಹೋದ ಕುದುರೆಯ ಆಗಿನ ರೇಟು ನೋಡಿ, ನೀವು ಗೆದ್ದ ಪ್ರತಿ ಪೌಂಡಿನಲ್ಲಿ, ಅಂದರೆ ನೂರು ಪೆನ್ನಿಯಲ್ಲಿ, ಇಷ್ಟು ಪೆನ್ನಿ ಅಂತ ಹಿಡಿದುಕೊಳ್ಳುತ್ತಾರೆ.

ಒಂದು ಉದಾಹರಣೆ ಕೈಯಲ್ಲಿ ಮಾಡಿ ನೋಡೋಣ. ನೀವು 10 ಪೌಂಡ್ ಕಟ್ಟಿದ್ದೀರಿ, ಒಂದಕ್ಕೆ ಆರು ರೇಟು. ಒಂದಕ್ಕೆ ಎರಡು ಇದ್ದ ಫೇವರಿಟ್ ಹೊರಗೆ ಹೋಯಿತು. ಪಟ್ಟಿಯಲ್ಲಿ ಆ ರೇಟಿಗೆ 30 ಪೆನ್ನಿ ಕಡಿತ. ನಿಮ್ಮ ಕುದುರೆ ಗೆದ್ದರೆ 60 ಪೌಂಡ್ ಬರಬೇಕಿತ್ತು. ಅದರಲ್ಲಿ 18 ಹೋಗಿ 42 ಸಿಗುತ್ತದೆ. ಕಟ್ಟಿದ 10 ಸೇರಿಸಿ ಕೈಗೆ 52. ಕಡಿತ ಗೆದ್ದ ದುಡ್ಡಿಗೆ ಮಾತ್ರ, ಕಟ್ಟಿದ ದುಡ್ಡಿಗಲ್ಲ.

30 ಪೆನ್ನಿ ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ? ಒಂದಕ್ಕೆ ಎರಡು ಅಂದರೆ ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ ಅನ್ನುವ ಅಂದಾಜು. ಆ ಮೂರನೇ ಒಂದು ಭಾಗ ಮೈದಾನದಿಂದ ಹೊರಟುಹೋಯಿತು. ಹೆಚ್ಚುಕಮ್ಮಿ ಅಷ್ಟೇ ನಿಮ್ಮ ಗೆಲುವಿನಿಂದಲೂ ಹೋಗುತ್ತದೆ. ಪಟ್ಟಿ ಒರಟು, ಆದರೆ ತಲೆಬುಡ ಇಲ್ಲದ್ದಲ್ಲ. ಒಂದಕ್ಕೆ ಒಂದು ಇದ್ದ ಕುದುರೆ ಹೋದರೆ 45 ಪೆನ್ನಿ. ಒಂದಕ್ಕೆ ಮೂರಕ್ಕೆ 25, ನಾಲ್ಕಕ್ಕೆ 20, ಐದಕ್ಕೆ 15. ಹತ್ತರಿಂದ ಹದಿನಾಲ್ಕರವರೆಗೆ 5. ಅದಕ್ಕಿಂತ ಮೇಲಿನ ರೇಟಿನ ಕುದುರೆ ಹೋದರೆ ಕಡಿತವೇ ಇಲ್ಲ. ಎಷ್ಟೇ ಕುದುರೆ ಹೋದರೂ ಒಟ್ಟು ಕಡಿತ 90 ಪೆನ್ನಿ ದಾಟುವಂತಿಲ್ಲ. ಫೇವರಿಟ್ ಹೊರಗೆ ಹೋದ ಮೇಲೆ ಹೊಸ ರೇಟಿಗೆ ಕಟ್ಟಿದವರಿಗೆ ಈ ಕಡಿತ ತಾಗುವುದಿಲ್ಲ.

ಇನ್ನೊಂದು ಜಾಗದಲ್ಲಿ ಜನ ಎಡವುತ್ತಾರೆ. ಗೆಲುವು ಮತ್ತು ಪ್ಲೇಸ್ (ಮೊದಲ ಕೆಲವು ಸ್ಥಾನಗಳೊಳಗೆ ಬರುವುದು) ಎರಡಕ್ಕೂ ಕಟ್ಟುವ ಈಚ್ ವೇ ಪಣ. ಎಂಟು ಕುದುರೆ ಓಡಿದರೆ ಮೊದಲ ಮೂರಕ್ಕೂ ಪ್ಲೇಸ್ ದುಡ್ಡು. ಏಳಾದರೆ ಮೊದಲ ಎರಡಕ್ಕೆ ಮಾತ್ರ. ಹಾಗಾಗಿ ಸರಿಯಾಗಿ ಎಂಟೇ ಇರುವ ಪಟ್ಟಿ ಕಂಡರೆ ಹುಷಾರು. ಬಾಲದಲ್ಲಿರುವ, ಯಾರೂ ಲೆಕ್ಕಕ್ಕೇ ಇಟ್ಟಿರದ ಒಂದು ಕುದುರೆಗೆ ಬೆಳಗ್ಗೆ ಕೆಮ್ಮು ಬಂದರೂ ಮೂರನೇ ಸ್ಥಾನ ಮಾಯ. ಹ್ಯಾಂಡಿಕ್ಯಾಪ್‌ನಲ್ಲಿ 16 ಇದ್ದದ್ದು 15 ಆದರೆ ನಾಲ್ಕನೇ ಸ್ಥಾನ ಮಾಯ. ಒಂದಕ್ಕೆ ಐವತ್ತರ ಕುದುರೆ ಹೊರಟರೆ ರೂಲ್ ಫೋರ್ ಪ್ರಕಾರ ಏನೂ ಆಗಿಲ್ಲ, ಆದರೆ ಮೂರನೆಯದಾಗಿ ಬಂದ ಕುದುರೆಗೆ ಕಟ್ಟಿದವನ ಜೇಬಿಗೆ ಪೂರಾ ತೂತು.

ಹೆಜ್ಜೆ 5: ಗೇಟಿನ ಹತ್ತಿರ ಆದರೆ, ನಿಮಿಷ ನಿಮಿಷ ನೋಡಿ

ಬ್ರಿಟನ್ನಿನಲ್ಲಿ ಸ್ಟಾರ್ಟರ್ ಬಿಳಿ ಬಾವುಟ ಎತ್ತಿದ ಕೂಡಲೇ ಕುದುರೆಗಳು ಅವನ ಆಜ್ಞೆಯ ಕೆಳಗೆ ಬಂದವು ಅಂತ ಲೆಕ್ಕ. ಅದಕ್ಕೆ ಮೊದಲು ತೆಗೆದರೆ ನಾನ್ ರನ್ನರ್, ದುಡ್ಡು ವಾಪಸ್. ಆಮೇಲೆ ಕುದುರೆ ಕದಲದೇ ನಿಂತರೆ ಅದು ಓಡಿ ಸೋತ ಹಾಗೆ. 2023ರ ನವೆಂಬರ್‌ನಲ್ಲಿ ಆ್ಯಸ್ಕಟ್‌ನಲ್ಲಿ ಶಿಶ್ಕಿನ್ ಅನ್ನುವ ಹೆಸರಾಂತ ಕುದುರೆ ಎಲ್ಲರೂ ಹೊರಟ ಮೇಲೂ ನಿಂತಲ್ಲೇ ನಿಂತಿತು. ಒಂದು ಹೆಜ್ಜೆಯೂ ಓಡದ ಕುದುರೆಗೆ ಕಟ್ಟಿದ ದುಡ್ಡು ಹೋಯಿತು. ಕುದುರೆ ತಾನಾಗಿ ನಿರಾಕರಿಸುವುದು ಬೇರೆ, ಹೊರಗಿನವರು ತೆಗೆಯುವುದು ಬೇರೆ.

ಗೇಟಿನ ಗೊಂದಲಕ್ಕೆ ನಾನು ಕಂಡ ಅತಿ ದೊಡ್ಡ ಉದಾಹರಣೆ 2021ರ ನವೆಂಬರ್ 5ರದ್ದು. ಕ್ಯಾಲಿಫೋರ್ನಿಯಾದ ಡೆಲ್ ಮಾರ್ ಮೈದಾನ, ಬ್ರೀಡರ್ಸ್ ಕಪ್ ಜುವೆನೈಲ್ ಟರ್ಫ್ ಅನ್ನುವ ರೇಸ್. ಗೊಡಾಲ್ಫಿನ್ ಮಾಲೀಕತ್ವದ, ಚಾರ್ಲಿ ಆ್ಯಪಲ್‌ಬಿ ತರಬೇತಿಯ ಎರಡು ಕುದುರೆ ಅಕ್ಕಪಕ್ಕದ ಗೂಡುಗಳಲ್ಲಿ. ಒಳಗಡೆಯದು ಮಾಡರ್ನ್ ಗೇಮ್ಸ್, ಪಕ್ಕದ್ದು ಆಲ್ಬಾರ್. ಆಲ್ಬಾರ್ ಗೂಡಿನೊಳಗೆ ಎದ್ದು ಬಿದ್ದು ಸಿಕ್ಕಿಹಾಕಿಕೊಂಡು ಒದ್ದಾಡಿತು. ಅದರ ಏಟು ತಗುಲದಿರಲಿ ಅಂತ ಗೇಟಿನ ಸಹಾಯಕ ಪಕ್ಕದ ಮಾಡರ್ನ್ ಗೇಮ್ಸ್ ಬಾಗಿಲು ತೆರೆದು ಮುಂದಕ್ಕೆ ಬಿಟ್ಟ. ದೂರದಿಂದ ನೋಡಿದ ವೆಟ್‌ಗೆ ಕುದುರೆ ಬಾಗಿಲು ಒಡೆದುಕೊಂಡು ನುಗ್ಗಿತು ಅನ್ನಿಸಿತು. ಹಾಗೆ ನುಗ್ಗಿದ ಕುದುರೆಗೆ ಒಳಗೆಲ್ಲೋ ಪೆಟ್ಟಾಗಿರಬಹುದು. ಎರಡೂ ಕುದುರೆ ಔಟ್ ಅಂತ ಘೋಷಣೆಯಾಯಿತು. ಮಾಡರ್ನ್ ಗೇಮ್ಸ್‌ಗೆ ಬಿದ್ದ ದುಡ್ಡೆಲ್ಲ ಟೋಟ್‌ನಿಂದ ಹೊರಗೆ.

ಕೆಲವು ನಿಮಿಷ ಬಿಟ್ಟು ನಿಜ ಗೊತ್ತಾಯಿತು. ಕುದುರೆಗೆ ಏನೂ ಆಗಿಲ್ಲ, ಅದನ್ನು ಬಿಟ್ಟಿದ್ದು ಮನುಷ್ಯನೇ. ಹಾಗಾದರೆ ಓಡಲಿ ಅಂದರು. ಆದರೆ ಬಹುಮಾನದ ದುಡ್ಡಿಗೆ ಮಾತ್ರ, ಪಣಕ್ಕಲ್ಲ. ವಿಲಿಯಂ ಬ್ಯೂಕ್ ಸವಾರಿಯಲ್ಲಿ ಅದು ಸಲೀಸಾಗಿ ಗೆದ್ದಿತು. ಅದಕ್ಕೆ ಕಟ್ಟಿದವರಿಗೆ ಕಟ್ಟಿದ್ದಷ್ಟೇ ವಾಪಸ್. ಒಂದರ ಹಿಂದೊಂದು ಬರುವ ಹಲವು ರೇಸ್‌ಗಳ ಗೆಲುವನ್ನು ಒಟ್ಟಿಗೆ ಊಹಿಸುವ ಸರಣಿ ಟಿಕೆಟ್ ಹಿಡಿದವರ ಪಾಡು ಇನ್ನೂ ಕಷ್ಟ. ಅವರ ಪಣವನ್ನು ನಿಯಮದಂತೆ ಫೇವರಿಟ್ ಕುದುರೆಗೆ ವರ್ಗ ಮಾಡಿದ್ದರು, ಅದು ಸೋತಿತು. ಗೆದ್ದ ಕುದುರೆ ವಾಪಸ್ ಬಂದಾಗ ಸ್ಟ್ಯಾಂಡಿನಿಂದ ಕೂಗಾಟ, ಛೀಮಾರಿ. ಪಾಪ, ಕುದುರೆಗೇನು ಗೊತ್ತು.

ಇಲ್ಲಿ ಯಾರ ತಪ್ಪು? ಬಾಗಿಲು ತೆರೆದವನು ಕುದುರೆಯನ್ನು ಉಳಿಸಿದ. ವೆಟ್ ಕಂಡದ್ದನ್ನು ಹೇಳಿದರು. ಎಡವಿದ್ದು ನಡುವಿನ ಮಾತಿನಲ್ಲಿ. "ನೀನೇ ಬಿಟ್ಟೆಯಾ, ಅದೇ ನುಗ್ಗಿತಾ?" ಅಂತ ಒಂದು ಪ್ರಶ್ನೆ ಕೇಳದೇ ಘೋಷಣೆ ಹೊರಬಿತ್ತು. ಮೊದಲು ನಾನು ಗೊತ್ತಾದ ಮೇಲೆ ತಡ ಮಾಡುವುದು ತಪ್ಪು ಅಂದೆ. ಇಲ್ಲಿ ನೋಡಿ, ಗೊತ್ತಾಗುವ ಮೊದಲೇ ಹೇಳಿಬಿಟ್ಟರು. ಆದ್ದರಿಂದ ಗೇಟಿನ ಹತ್ತಿರ ಗಲಾಟೆಯಾದಾಗ ಮೊದಲ ಘೋಷಣೆ ಕೇಳಿ ಕೌಂಟರ್‌ಗೆ ಓಡಬೇಡಿ. ಬೋರ್ಡಿನಲ್ಲಿ ಹೆಸರು ಹೋಗುವ ತನಕ ನಿಲ್ಲಿ.

ಹೆಜ್ಜೆ 6: ಒಳಗಿನವರಿಗೆ ಯಾವಾಗ ಗೊತ್ತಿತ್ತು?

ನ್ಯಾಯ ಅನ್ಯಾಯದ ಗಂಟು ಇರುವುದು ಇಲ್ಲಿ. ರೇಸ್ ದಿನದ ಮಾರುಕಟ್ಟೆಯಲ್ಲಿ ಒಳಸುದ್ದಿಯಿಂದ ದುಡ್ಡು ಮಾಡುವುದು ಜನ ಅಂದುಕೊಂಡಷ್ಟು ಸುಲಭವಲ್ಲ. ಫೇವರಿಟ್ ಓಡಲ್ಲ ಅಂತ ಗೊತ್ತಿದ್ದವನು ಎರಡನೇ ಕುದುರೆಗೆ ಒಂದಕ್ಕೆ ಆರರಂತೆ ಕಟ್ಟಿದ ಅಂದುಕೊಳ್ಳಿ. ಆಮೇಲೆ ರೂಲ್ ಫೋರ್ ಬಂದು 30 ಪೆನ್ನಿ ಕತ್ತರಿಸುತ್ತದೆ. ಅವನ ಆರು ನಾಲ್ಕೂ ಚಿಲ್ಲರೆ ಆಗುತ್ತದೆ, ದೊಡ್ಡ ಲಾಭ ಉಳಿಯುವುದಿಲ್ಲ. ಕಡಿತದ ಪಟ್ಟಿ ಬುಕ್ಕಿಯ ಜೊತೆಗೆ ನಮ್ಮನ್ನೂ ಕಾಯುತ್ತದೆ ಅಂತ ನನಗೆ ಹೊಳೆದದ್ದು ಬಹಳ ತಡವಾಗಿ.

ಕಳ್ಳದಾರಿ ಇರುವುದು ಮುಂಗಡ ಪಣದಲ್ಲಿ. ದೊಡ್ಡ ರೇಸಿಗೆ ವಾರ, ತಿಂಗಳು ಮುಂಚೆ ಕಟ್ಟುವುದನ್ನು ಆ್ಯಂಟಿ ಪೋಸ್ಟ್ ಅಂತಾರೆ. ರೇಟು ಜಾಸ್ತಿ ಸಿಗುತ್ತದೆ. ಕುದುರೆ ಓಡದೇ ಇದ್ದರೆ ಮಾತ್ರ ದುಡ್ಡು ವಾಪಸ್ ಇಲ್ಲ, ರೂಲ್ ಫೋರ್ ಕೂಡ ಇಲ್ಲ. ಬುಕ್ಕಿ ಓಡದಿದ್ದರೆ ವಾಪಸ್ ಅಂತ ಮೊದಲೇ ಬರೆದಿದ್ದರೆ ಮಾತ್ರ ಬಚಾವು. 2000ದಲ್ಲಿ ಬೆಟ್‌ಫೇರ್‌ನಂಥ ಎಕ್ಸ್‌ಚೇಂಜ್, ಅಂದರೆ ಬುಕ್ಕಿಯಿಲ್ಲದೆ ಜನ ಜನರ ನಡುವೆಯೇ ಪಣ ಕಟ್ಟುವ ಆನ್‌ಲೈನ್ ಜಾಗ, ಬಂದ ಮೇಲೆ, ಒಂದು ಕುದುರೆ ಗೆಲ್ಲುವುದಿಲ್ಲ ಅಂತಲೂ ಯಾರು ಬೇಕಾದರೂ ಪಣ ಒಡ್ಡಬಹುದು. ಕುದುರೆಗೆ ಕಾಲುನೋವು ಅಂತ ಲಾಯದಲ್ಲಿ ಗೊತ್ತಾದ ಗಳಿಗೆಗೂ ಹೊರಗೆ ಪ್ರಕಟವಾದ ಗಳಿಗೆಗೂ ನಡುವೆ ಒಬ್ಬ ಫೋನ್ ಹಿಡಿದರೆ ಸಾಕು. ಕುದುರೆಯ ಸೋಲು ಖಚಿತ, ಹಾಗಾಗಿ ಅವನ ಪಣದ ಗೆಲುವೂ ಖಚಿತ. ಎದುರಿಗೆ ಕಟ್ಟುವವನು ನಮ್ಮ ನಿಮ್ಮಂಥವನು. ಅದಕ್ಕೇ ಬ್ರಿಟನ್ನಿನಲ್ಲಿ ಮಾಲೀಕ, ಟ್ರೈನರ್, ಲಾಯದ ಕೆಲಸಗಾರರು ತಮ್ಮ ಕುದುರೆಯ ಸೋಲಿನ ಮೇಲೆ ಪಣ ಒಡ್ಡುವಂತಿಲ್ಲ.

ಹಾಗಾದರೆ ಅನುಮಾನ ಬಂದ ಕೂಡಲೇ ಪ್ರಕಟಿಸಿದರೆ ಆಯ್ತಲ್ವಾ? ಅದೂ ಅಷ್ಟು ಸರಳವಲ್ಲ. 2010ರ ಫೆಬ್ರವರಿಯಲ್ಲಿ ಬಿನಾಕ್ಯುಲರ್ ಅನ್ನುವ ಕುದುರೆ ಸ್ನಾಯು ತೊಂದರೆಯಿಂದ ಚಾಂಪಿಯನ್ ಹರ್ಡಲ್ ಅನ್ನುವ ದೊಡ್ಡ ಜಂಪ್ ರೇಸಿನಲ್ಲಿ ಓಡುವುದಿಲ್ಲ ಅಂತ ಹೇಳಿದರು. ಆಮೇಲೆ ಅದು ಚೇತರಿಸಿಕೊಂಡಿತು. ಮಾರ್ಚ್ 16ರಂದು ಓಡಿ ಗೆದ್ದೇಬಿಟ್ಟಿತು! ಓಡಲ್ಲ ಅನ್ನುವ ಸುದ್ದಿ ನಂಬಿ ಎಕ್ಸ್‌ಚೇಂಜ್‌ನಲ್ಲಿ ಅದರ ವಿರುದ್ಧ ಪಣ ಒಡ್ಡಿದವರ ಗತಿ ನೆನೆಸಿಕೊಳ್ಳಿ. ಮುಂದಿನ ವರ್ಷ ಅದೇ ರೇಸಿಗೆ ಎರಡು ದಿನ ಇರುವಾಗ, ಅಲರ್ಜಿಗೆ ಕೊಟ್ಟ ಔಷಧ ಮೈಯಿಂದ ಇನ್ನೂ ಹೋಗಿಲ್ಲ ಅಂತ ಅದನ್ನು ತೆಗೆದರು. ಎರಡು ಸಲವೂ ಯಾರೋ ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಸುದ್ದಿಯಲ್ಲಿ "ಅನುಮಾನ" ಅನ್ನುವುದಕ್ಕೂ "ಇಲ್ಲ" ಅನ್ನುವುದಕ್ಕೂ ಎಷ್ಟು ದುಡ್ಡಿನ ಅಂತರ ಇದೆ ಅಂತ ತೋರಿಸಲು ಹೇಳಿದೆ. ಅನುಮಾನ ಇದ್ದರೆ ಅನುಮಾನ ಅಂತಲೇ, ಬೇಗ, ಎಲ್ಲರಿಗೂ ಒಟ್ಟಿಗೆ ಹೇಳಬೇಕು.

ನೀವು ಹೊರಗಿನವರಾಗಿದ್ದರೆ ಒಂದು ಗುರುತು ನೋಡಿಕೊಳ್ಳಿ. ಕಾರಣವಿಲ್ಲದೆ ಫೇವರಿಟ್‌ನ ರೇಟು ಎಕ್ಸ್‌ಚೇಂಜ್‌ನ ಮುಂಗಡ ಪಣದಲ್ಲಿ ಬೆಳಗ್ಗೆಯಿಂದ ಏರುತ್ತಲೇ ಇದ್ದು, ಗಂಟೆಗಳ ನಂತರ ಹೊರಗೆ ತೆಗೆದ ಸುದ್ದಿ ಬಂದರೆ, ಯಾರಿಗೋ ಮೊದಲೇ ಗೊತ್ತಿತ್ತು ಅನ್ನುವ ಸಂಶಯಕ್ಕೆ ಜಾಗವಿದೆ. ಅದೊಂದೇ ಪುರಾವೆಯಲ್ಲ. ಜನ ಗಾಳಿಸುದ್ದಿಗೂ ಓಡುತ್ತಾರೆ. ಆದರೆ ಅಂಥದ್ದನ್ನು ಆಡಳಿತಕ್ಕೆ ಬರೆದು ತಿಳಿಸಬಹುದು. ಪಣದ ದಾಖಲೆ ಎಕ್ಸ್‌ಚೇಂಜ್‌ನಲ್ಲಿ ಪೂರ್ತಿ ಇರುತ್ತದೆ.

ಹೆಜ್ಜೆ 7: ಕುದುರೆ ನಿಮ್ಮದೇ ಆಗಿದ್ದರೆ

ಈಗೀಗ ನಾಲ್ಕು ಜನ, ನಲವತ್ತು ಜನ ಸೇರಿ ಒಂದು ಕುದುರೆಯಲ್ಲಿ ಪಾಲು ತೆಗೆಯುವುದು ಬ್ರಿಟನ್ನಿನಲ್ಲೂ ಇಲ್ಲೂ ಇದೆ. ವಾಟ್ಸ್‌ಆ್ಯಪ್ ಗುಂಪು ಇದ್ದೇ ಇರುತ್ತದೆ. ಬೆಳಗ್ಗೆ ಆರೂವರೆಗೆ ಟ್ರೈನರ್ ಕಡೆಯವರ ಮೆಸೇಜು ಬರುತ್ತದೆ: "ಜ್ವರ ಇದೆ, ಓಡಿಸಲ್ಲ. ಇನ್ನೂ ಯಾರಿಗೂ ಹೇಳ್ಬೇಡಿ." ಆ ಗಳಿಗೆಯಿಂದ ಅಧಿಕೃತ ಪಟ್ಟಿಯಲ್ಲಿ ಬರುವ ತನಕ ನೀವು ಒಳಗಿನವರು. ಬೆಟ್ಟಿಂಗ್ ಆ್ಯಪ್ ತೆರೆಯಬೇಡಿ. ನಿಮ್ಮ ಕುದುರೆಯ ವಿರುದ್ಧ ಮಾತ್ರವಲ್ಲ, ಆ ರೇಸಿನ ಯಾವ ಕುದುರೆಗೂ ಬೇಡ. ಭಾವನಿಗೆ ಫೋನ್ ಮಾಡಿ "ಸುಮ್ನೆ ಹೇಳ್ದೆ ಅಷ್ಟೇ" ಅನ್ನುವುದೂ ಬೇಡ. ನಿಮ್ಮ ಭಾವನಿಗೂ ಒಬ್ಬ ಭಾವ ಇರುತ್ತಾನೆ.

ಗುಂಪಿನಲ್ಲಿ ಒಂದೇ ಒಂದು ಪ್ರಶ್ನೆ ಹಾಕಿ. "ರೇಸಿಂಗ್ ಆಫೀಸಿಗೆ ತಿಳಿಸಿ ಆಯ್ತಾ?" ಇಲ್ಲ ಅಂದರೆ, ಮೊದಲು ಅಲ್ಲಿಗೆ ತಿಳಿಸಿ ಆಮೇಲೆ ನಮಗೆ ಹೇಳಿ ಅಂತ ಹೇಳಿ. ಈ ಕ್ರಮವನ್ನು ಪಾಲು ತೆಗೆಯುವ ದಿನವೇ ಟ್ರೈನರ್ ಜೊತೆ ಮಾತಾಡಿ ಬರಹದಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಜ್ವರದ ದಿನ ಇದನ್ನೆಲ್ಲ ಚರ್ಚೆ ಮಾಡಲು ಆಗುವುದಿಲ್ಲ. ಎಂಟ್ರಿ ಫೀಸು ಹೋಯಿತು, ಲಾರಿ ಬಾಡಿಗೆ ಹೋಯಿತು ಅಂತ ಅಳುವ ಪಾಲುದಾರ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನ ಮಾತಿಗೆ ಸೋತು "ಹೇಗಾದರೂ ಓಡಿಸಿ" ಅಂತ ಟ್ರೈನರ್ ಮೇಲೆ ಒತ್ತಡ ಹಾಕಬೇಡಿ.

ವೆಟ್ ಸರ್ಟಿಫಿಕೇಟಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಮುಂದಿನ ರೇಸ್ ಯಾವಾಗ ಅಂತ ಅವತ್ತೇ ಕೇಳಬೇಡಿ. ಮಾರನೇ ಬೆಳಗ್ಗೆ ಕುದುರೆ ಮೇವು ತಿಂತಾ, ಜ್ವರ ಎಷ್ಟಿದೆ ಅಂತ ಕೇಳಿ. ಬೆಳೆದ ಕುದುರೆಗೆ ಸುಮಾರು 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್ ಒಳಗಿದ್ದರೆ ಸರಿ.